ದೊಡ್ಡಮ್ಮನ ದನಿ ಮತ್ತು ಅಖಿಲ ಟೆಕ್ಸಾಸ್ ನಿಷ್ಠಾ ಪರೀಕ್ಷಾ ಮಂಡಳಿ

ಏಪ್ರಿಲ್ 11, 2025, ಶುಕ್ರವಾರ, ಕೇಟಿ

ಸ್ವಸ್ತಿ ಶ್ರೀ! ಸಮಸ್ತ ಗೆರೆಹಾಳೆಗಳ ಒಡತಿಯೂ, ಕಾಫಿಕಲೆ ಲಾಂಛನಧಾರಿಣಿಯೂ, ಮೈಸೂರಿನ ಮಹತಿಯೆಂಬ ಪಾಮರಳ ಬ್ಯಾಗಿನಲ್ಲಿ ಬಿಜಯಂಗೈದು ಆಸ್ಟಿನ್, ಹ್ಯೂಸ್ಟನ್, ಡಾಲಸ್ ಎಂಬ ತ್ರಿಪುರಗಳಲ್ಲಿ ಸಂಚರಿಸುವವಳೂ ಆದ ಮಹಾಮಹಿಮ ದಿನಚರಿದೇವಿಯ ಪಾದಾರವಿಂದಗಳಲ್ಲಿ ಅರಿಕೆ ಏನೆಂದರೆ:

ಇಂದು ಸಾಯಂಕಾಲ ಹ್ಯೂಸ್ಟನ್ ಪಕ್ಕದ ಈ ಕೇಟಿ ಎಂಬ ಊರಿನಲ್ಲಿ, ನಮ್ಮ ದೊಡ್ಡಮ್ಮ ದಾಕ್ಷಾಯಣಿಯವರ ಹಿತ್ತಿಲಿನಲ್ಲಿ 'ಅಖಿಲ ಟೆಕ್ಸಾಸ್ ನಿಷ್ಠಾ ಪರೀಕ್ಷಾ ಮಂಡಳಿ'ಯು ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಅಧ್ಯಕ್ಷೆ ನಾನು. ಕಾರ್ಯದರ್ಶಿ ನಾನೇ. ಕುರ್ಚಿ ಎತ್ತಿಡುವವಳೂ ನಾನೇ. ಮಂಡಳಿಯ ಮುಂದಿರುವ ಏಕೈಕ ಪ್ರಶ್ನೆ: ಪೇಗನ್ನರು ಮತ್ತು ಕ್ರೈಸ್ತರು, ಈ ಇಬ್ಬರಲ್ಲಿ ಆಡಿದ ಮಾತಿಗೆ ನಿಲ್ಲುವವರು ಯಾರು?

ಬೆಳಿಗ್ಗೆ ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೋಗಿದ್ದೆವು. ದೊಡ್ಡಮ್ಮನ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು. ಮಂಗಳವಾರ ಆಪರೇಷನ್. ದನಿಯ ನರ ಆ ಗಂಟಿನ ಪಕ್ಕದಲ್ಲೇ ಹಾದುಹೋಗಿದೆಯಂತೆ. ದನಿ ಹೋಗಬಹುದು, ಹೋದರೆ ತಿರುಗಿ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹವಾಮಾನ ವರದಿ ಓದಿದ ಹಾಗೆ ಹೇಳಿದರು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಬೈಯೋಕಾಗುತ್ತೋ ಇಲ್ವೋ, ಅದನ್ನ ಕೇಳು." ನಾನು ಇಂಗ್ಲಿಷಿನಲ್ಲಿ ಕೇಳಿದೆ. ಡಾಕ್ಟರು ತಮಾಷೆಯೆಂದು ನಕ್ಕರು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಕೇಟಿಯಿಂದ ಮೈಸೂರಿಗೆ ದಿನವೂ ಫೋನ್ ಮಾಡಿ, ತಲೆ ಬಾಚಿದೆಯಾ, ಉಂಡೆಯಾ, ಓದಿದೆಯಾ ಎಂದು ಬೈದು ಬೈದೇ ನನ್ನನ್ನು ಬೆಳೆಸಿದ ದನಿ ಅದು ಎಂದು ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಪಾರ್ಕಿಂಗ್ ಚೀಟಿ ಗಾಡಿಯಲ್ಲೇ ಮರೆತಿದ್ದರಿಂದ ನಾನೊಬ್ಬಳೇ ಕೆಳಗೆ ಹೋಗಿ ಹುಡುಕಿ ತಂದೆ. ಸ್ವಲ್ಪ ಹೊತ್ತು ಹಿಡಿಯಿತು.

ಮಧ್ಯಾಹ್ನ ಅಣ್ಣ ಇಶಾನ್, ದೊಡ್ಡಮ್ಮನ ಏಕಮಾತ್ರ ಪುತ್ರ, ಡಾಲಸ್ ಪಕ್ಕದ ಇರ್ವಿಂಗಿನಿಂದ ಡ್ರೈವ್ ಮಾಡಿಕೊಂಡು ಬಂದ. ಅವನ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಉಗುಳಿದ. ಊಟದ ಮನೆ ನಗೆಯಲ್ಲಿ ಮುಳುಗಿತು. ದೊಡ್ಡಮ್ಮ "ಕತ್ತೆ!" ಎಂದಳು.

ಸಂಜೆ ಹಿತ್ತಿಲಿನಲ್ಲಿ ಎಲ್ಲರೂ ಕೂತೆವು. ನನ್ನನ್ನು ತನ್ನ ಮುದಿ ಪಿಕಪ್ ಟ್ರಕ್ಕಿನಲ್ಲಿ ಆಸ್ಟಿನ್ನಿನಿಂದ ಕರೆತಂದಿದ್ದ ಜೂನಿಪರ್ ಒಂದು ಕಡೆ. ಆಸ್ಟಿನ್ನಿನಲ್ಲಿ ಓದುತ್ತಾ ನಾನು ಬಾಡಿಗೆಗಿರುವ ಮನೆಯ ಒಡತಿ ಅವಳು, ನಲವತ್ತೈದರ ಹೆಣ್ಣು, ತಾನು ಪೇಗನ್ ಎಂದು ಮೊದಲ ದಿನವೇ ಹೇಳಿದ್ದಳು. ಇನ್ನೊಂದು ಕಡೆ ಬೇಲಿಯಾಚೆ ಮನೆಯ ಗುರವ್ವ ಆಂಟಿ. ಗದಗ-ಬೆಟಗೇರಿಯ ಮಿಶನ್ ಚರ್ಚಿನವರು, ಮಗನ ಸಂಸಾರದ ಜೊತೆ ಇಲ್ಲಿದ್ದಾರೆ. ಬೆಳಗಿನಿಂದ ಸಂಜೆಯ ತನಕ ರೊಟ್ಟಿ ಬಡಿಯುತ್ತಾ, ಬಟ್ಟೆ ಮಡಿಸುತ್ತಾ ಯೇಸುವಿನ ಹಾಡು ಹೇಳುತ್ತಿರುತ್ತಾರೆ. ಭಾನುವಾರ ಮಕ್ಕಳಿಗೆ ದೇವರನಾಮ ಕಲಿಸುವ ದೊಡ್ಡಮ್ಮ ಈಚೆಯಿಂದ "ಶ್ರುತಿ, ಗುರವ್ವಾ, ಶ್ರುತಿ!" ಎಂದು ಕೂಗುವುದು ಆ ಹಾಡುಗಳಿಗೆ ಪಲ್ಲವಿ.

"ಆಕಿ ಯಾವ ಚರ್ಚಿಗೆ ಹೋಗ್ತಾಳ?" ಎಂದು ಗುರವ್ವ ಆಂಟಿ ಜೂನಿಪರಳನ್ನು ತೋರಿಸಿ ನನ್ನನ್ನು ಕೇಳಿದರು.

"ಯಾವುದಕ್ಕೂ ಇಲ್ಲ ಆಂಟಿ. ಅವಳು ಪೇಗನ್. ಮರ, ನೀರು, ಸೂರ್ಯ, ಚಂದ್ರ ಎಲ್ಲಕ್ಕೂ ಕೈ ಮುಗೀತಾಳೆ."

"ಹಂಗಾದ್ರ ನಿಮ್ಮ ಪೈಕಿನ ಆತಲ್ಲ!"

"ಹೌದ್ರೀ, ಅಶ್ವತ್ಥಕಟ್ಟೆ ಸುತ್ತೋರು ನಾವು. ನಮ್ಮ ಹುಡುಗೀನೇ ಅವಳು," ಎಂದಳು ದೊಡ್ಡಮ್ಮ.

"ಇರ್ಲಿ ಬಿಡ್ರಿ ಅಕ್ಕಾರ. ಆದ್ರ ಇಷ್ಟ್ ಮಂದಿ ದೇವರಿಗೆ ಮಾತ್ ಕೊಟ್ಟಾಕಿ ಯಾರಿಗಂತ ನಡಕೋತಾಳ?"

ಏನಂದರು ಎಂದು ಜೂನಿಪರ್ ಕೇಳಿದಳು. ಮಂಡಳಿಯು ಸತ್ಯಪಕ್ಷಪಾತಿಯಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ತಾನು ಬೆಳೆದದ್ದೂ ಒಂದು ಸಣ್ಣೂರಿನ ಚರ್ಚಿನಲ್ಲೇ. ಅಲ್ಲಿಯವರಿಗೆ ಭಾನುವಾರ ಒಂದು ನಾಲಿಗೆ, ಸೋಮವಾರ ಇನ್ನೊಂದು. ಅದನ್ನು ನೋಡಲಾರದೆ ಬಿಟ್ಟು ಬಂದೆ ಎಂದಳು. ಅದನ್ನೂ ತರ್ಜುಮೆ ಮಾಡಿದೆ. ಜಗಳ ಹತ್ತಲೆಂದು ಆಸೆಯಿಂದ ಕಾದೆ.

"ಖರೇನ ಹೇಳ್ಯಾಳ," ಎಂದು ಗುರವ್ವ ಆಂಟಿ ನಕ್ಕುಬಿಟ್ಟರು. "ನಮ್ಮೂರಾಗೂ ಅಂಥಾವ್ರು ಅದಾರ."

ಆಗಲೇ ನನ್ನ ತಲೆಗೆ ಈ ಶತಮಾನದ ಕುಚೇಷ್ಟೆ ಹೊಳೆದದ್ದು. ದೊಡ್ಡಮ್ಮ ಹರಕೆಗಳ ಮಹಾರಾಣಿ. ನನ್ನ ವೀಸಾಕ್ಕೆಂದು ಪ್ರಾಣಪ್ರಿಯವಾದ ಬದನೆಕಾಯಿಯನ್ನು ಬಿಟ್ಟವಳು. ಮೈಸೂರಿನವಳಿಗೆ ಅದು ಸಣ್ಣ ತ್ಯಾಗವಲ್ಲ. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎರಡು ಭಾಷೆಗಳಲ್ಲಿ ಘೋಷಿಸಿದೆ: "ನಮ್ಮ ಶಾಸ್ತ್ರದ ಪ್ರಕಾರ ರೋಗಿಯ ಹರಕೆಯನ್ನು ರೋಗಿಯ ದೇವರನ್ನು ನಂಬದವರು ಹೊರಬೇಕು. ಆಗಲೇ ಅದು ಸಲ್ಲುವುದು. ಅವರು ತಮಗೆ ಅತಿ ಪ್ರಿಯವಾದ ಒಂದನ್ನು ಬಿಡಬೇಕು. ಆಪರೇಷನ್ ಆಗಿ, ದೊಡ್ಡಮ್ಮ ಬಾಯಿಬಿಟ್ಟು ನನ್ನನ್ನು ಬೈಯುವ ತನಕ!"

ಇಂಥ ಶಾಸ್ತ್ರ ಮೂರು ಲೋಕದಲ್ಲೂ ಇಲ್ಲ. ದೊಡ್ಡಮ್ಮ ಹುಬ್ಬೇರಿಸಿದಳು, ಅಷ್ಟೇ.

ಜೂನಿಪರ್ ದೊಡ್ಡಮ್ಮನ ಕೈ ಹಿಡಿದು, ನಾನು ಆಸ್ಟಿನ್ನಿನ ಬಾರ್ಟನ್ ಸ್ಪ್ರಿಂಗ್ಸ್‌ನ ನೀರಿಗೆ ಇಳಿಯುವುದಿಲ್ಲ ಎಂದಳು. ದಿನಾ ಬೆಳಗಾಗೆದ್ದು ಆ ಊಟೆಯ ತಣ್ಣೀರಿನಲ್ಲಿ ಈಜುವುದೇ ಅವಳ ಪೂಜೆ, ಜಪ, ತಪ, ಎಲ್ಲ.

ಗುರವ್ವ ಆಂಟಿ ತಲೆಯಾಡಿಸಿದರು. "ನಮ್ಮೊಳಗ ಹರಕಿ-ಗಿರಕಿ ಇಲ್ಲವ್ವ. ದೇವರ ಜೋಡಿ ಚೌಕಾಸಿ ಮಾಡಂಗಿಲ್ಲ ನಾವು. ಪ್ರಾರ್ಥನಾ ಮಾಡ್ತೀನಿ, ಅಷ್ಟ." ಎದ್ದು ಮನೆಗೆ ಹೋದರು.

ಮಂಡಳಿಯ ಪ್ರಥಮ ತೀರ್ಪು: ಪೇಗನ್ ಮುಂದೆ, ಕ್ರೈಸ್ತ ಹಿಂದೆ.

ಏಪ್ರಿಲ್ 15, ಮಂಗಳವಾರ, ಹ್ಯೂಸ್ಟನ್

ಆಯಿತು. ಗಂಟು ಹೋಯಿತು. ಕೆಟ್ಟದ್ದೇನೂ ಅಲ್ಲವಂತೆ.

ದನಿ ಇಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿ ತುಟಿ ಅಲ್ಲಾಡಿಸಿದಳು. ಏನೂ ಬರಲಿಲ್ಲ. ನರಕ್ಕೆ ಜಗ್ಗಿದಂತಾಗಿದೆ, ವಾರಗಳಾಗಬಹುದು, ತಿಂಗಳುಗಳಾಗಬಹುದು, ಕಾಯಬೇಕು ಎಂದರು.

ಮಂಡಳಿಗೆ ಇಂದು ರಜೆ.

ಏಪ್ರಿಲ್ 20, ಭಾನುವಾರ, ಕೇಟಿ

ಈಸ್ಟರ್. ದೊಡ್ಡಮ್ಮ ಮನೆಗೆ ಬಂದು ಮೂರು ದಿನವಾಯಿತು. ಮಾತು ಪೂರ್ತಿ ನಿಷಿದ್ಧ. ಚಪ್ಪಾಳೆಯಲ್ಲೇ ರಾಜ್ಯಭಾರ. ಒಂದು ಚಪ್ಪಾಳೆ, ಬಾ. ಎರಡು, ನೀರು. ಮೂರು, ಕತ್ತೆ. ದೊಡ್ಡಪ್ಪ ವೆಂಕಟಗಿರಿಯವರು ಮೊನ್ನೆ ಆಫೀಸಿನಿಂದ ಬಂದವರು ಬೂಟನ್ನು ಬೇಕೆಂದೇ ಸೋಫಾದ ಪಕ್ಕದಲ್ಲಿ ಬಿಟ್ಟು, ಎರಡು ನಿಮಿಷ ನಿಂತು ನೋಡಿ, ತಾವೇ ತೆಗೆದಿಟ್ಟರು. "ಮೂವತ್ತು ವರ್ಷದಿಂದ ಬೈಸ್ಕೊಂಡು ಅಭ್ಯಾಸ ಆಗ್ಬಿಟ್ಟಿದೆ ಕಣಮ್ಮ," ಎಂದರು ನನಗೆ. ನಾನೂ ಇವತ್ತು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಟ್ಟಿದ್ದೆ ಎಂದು ಹೇಳಲಿಲ್ಲ.

ಕೇಟಿಯಲ್ಲಿ ಎಂಥ ನಿಶ್ಶಬ್ದ! ಬೇಲಿಯಾಚೆಯೂ ಸದ್ದಿಲ್ಲ. ಹಬ್ಬವೆಂದರೆ ಗುರವ್ವ ಆಂಟಿ ಬೆಳಗಿನ ಜಾವಕ್ಕೇ ಶುರು ಮಾಡುವವರು. ನೆಮ್ಮದಿಯಾಗಿ ಹತ್ತು ಗಂಟೆಯ ತನಕ ಮಲಗಿದೆ. ಮಧ್ಯಾಹ್ನ ಅವರ ಸೊಸೆ ಮಧುಶ್ರೀ ಕೇಕ್ ಕೊಡಲು ಬಂದವಳು, "ಅತ್ತೆ ಇವತ್ತು ಚರ್ಚಲ್ಲಿ ಬಾಯೇ ಬಿಡ್ಲಿಲ್ಲ. ಕ್ವಾಯರಲ್ಲಿ ಮುಂದಿನ ಸಾಲಲ್ಲಿ ಹಾಡೋರು ಹಿಂದೆ ಹೋಗಿ ಕೂತ್ರು. ಯಾಕೆ ಅಂದ್ರೆ ನಗ್ತಾರೆ," ಎಂದಳು. ವಯಸ್ಸಾಯಿತು, ಗಂಟಲು ಕಟ್ಟಿರಬೇಕು.

ಕೇಕ್ ಚೆನ್ನಾಗಿತ್ತು. ಆದರೂ ಮಂಡಳಿಯು ಕೇಕಿಗೆ ಮರುಳಾಗುವುದಿಲ್ಲ. ಒಂದು ಸಣ್ಣ ತ್ಯಾಗಕ್ಕೂ ಒಲ್ಲೆನೆಂದವರು ಒಲ್ಲೆನೆಂದವರೇ. ಪ್ರಾರ್ಥನೆಗೇನು, ಕಣ್ಣು ಮುಚ್ಚಿದರೆ ಆಯಿತು. ನನ್ನ ಎಲ್ಲ ಲೆಕ್ಚರುಗಳಲ್ಲೂ ನಾನು ಅದನ್ನೇ ಮಾಡುವುದು.

ಮೇ 1, ಗುರುವಾರ, ಆಸ್ಟಿನ್

ಇವತ್ತು ಜೂನಿಪರಳ ಪಂಥದವರಿಗೆ ವಸಂತದ ದೊಡ್ಡ ಹಬ್ಬ. ಹಬ್ಬದ ದಿನ ಅವಳು ನೀರಿಗಿಳಿದು ಮೂರು ಬಾರಿ ಮುಳುಗಿ ಏಳುವುದು ವಾಡಿಕೆಯಂತೆ. ತಪಾಸಣೆಗೆಂದು ನಾನೂ ಬೆನ್ನು ಹತ್ತಿ ಹೋದೆ. ಗೆಳತಿಯರೆಲ್ಲ ಮುಳುಗಿದರು. ಇವಳು ದಡದ ಮೇಲೆ, ನೀರಿನಿಂದ ಒಂದು ಗೇಣು ದೂರದಲ್ಲಿ, ಕಾಲು ಮಡಚಿ ಕೂತಳು. ಮುಳುಗಿದವರೊಬ್ಬರು ನೀರು ಎರಚಿದರೆ ಸರಿದು ಕೂತಳು.

"ಒಂದು ಹನಿ ಬಿದ್ದರೂ ಲೆಕ್ಕವೇ?" ಎಂದು ಕೇಳಿದೆ.

"ನಿಮ್ಮ ಶಾಸ್ತ್ರ ಏನು ಹೇಳುತ್ತೆ?" ಎಂದಳು, ಗಂಭೀರವಾಗಿ.

ಶಾಸ್ತ್ರಕಾರಳಾದ ನಾನು ಆಕಾಶ ನೋಡಿದೆ. ಹನಿ ಪರವಾಗಿಲ್ಲ ಎಂದೆ. ದೇವರು ನೋಡುತ್ತಾನೆಂಬ ಭಯವೇ ಎಂದೂ ಕೇಳಿದೆ. ಭಯವೇನಿಲ್ಲವಂತೆ. "ನನಗೆ ಪಾಪ ಕಳೆಯೋ ಪಾದ್ರಿ ಇಲ್ಲ, ಮಹತಿ. ಮಾತು ಕೊಟ್ಟೆ ಅಂದರೆ, ಕೊಟ್ಟವಳು ಇರೋ ತನಕ ಆ ಮಾತೂ ಇರಬೇಕು. ಅಷ್ಟೇ."

ಹಿಂದಿರುಗುವಾಗ ಅವಳ ಒಣಗಿದ ಟವೆಲು ಟ್ರಕ್ಕಿನ ಹಿಂದೆ ಮಡಚಿದ್ದು ಮಡಚಿದ ಹಾಗೇ ಇತ್ತು. ಅದನ್ನು ನೋಡಿದರೆ ನನಗೇಕೋ ಊಟ ಸೇರಲಿಲ್ಲ. ಬಿಸಿಲಿರಬೇಕು.

ಮೇ 10, ಶನಿವಾರ, ಇರ್ವಿಂಗ್

ದೊಡ್ಡಮ್ಮ ಒಂದು ವಾರಕ್ಕೆ ಮಗನ ಮನೆಗೆ ಬಂದಿದ್ದಾಳೆ. ನಾನು ಬಸ್ಸಿನಲ್ಲಿ ಬಂದೆ. ಈಗ ಪಿಸುಮಾತಿಗೆ ಅಪ್ಪಣೆಯಾಗಿದೆ, ಆದರೆ ಆ ಪಿಸುಮಾತಿನಲ್ಲಿ ದೊಡ್ಡಮ್ಮ ಇಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ಹೋದ ಹಾಗೆ. ನಾನು ಬಸ್ಸಿನಲ್ಲಿ ಫೋನ್ ಮರೆತು ಬಂದೆನೆಂದು ಬೇಕೆಂದೇ ಸುಳ್ಳು ಹೇಳಿದೆ. ಬೈಯಲಿಲ್ಲ. ತಲೆ ಸವರಿದಳು. ಇಶಾನ್ ಅಡುಗೆಮನೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ ನನಗೂ ಏನೂ ಅಂತಿಲ್ಲ ಕಣೆ. ಶೇವ್ ಮಾಡದೆ ಮೂರು ದಿನ ಓಡಾಡಿದೆ," ಎಂದ.

ಸಂಜೆ ದೇವಸ್ಥಾನಕ್ಕೆ ಹೋದೆವು. ಮಕ್ಕಳು ಸಾಲಾಗಿ ಕೂತು ದೇವರನಾಮ ಹಾಡುತ್ತಿದ್ದರು. ದೊಡ್ಡಮ್ಮ ನನ್ನ ಪಕ್ಕ ಕೂತು ತುಟಿ ಅಲ್ಲಾಡಿಸುತ್ತಾ ನನ್ನ ಮೊಣಕಾಲಿನ ಮೇಲೆ ತಾಳ ಹಾಕತೊಡಗಿದಳು. ಒಂದು ಮಗು ತಪ್ಪಿತು. ಬಾಯಿ ತೆರೆದಳು, ತಿದ್ದಲು. ಮುಚ್ಚಿಕೊಂಡಳು. ಕೈ ಹಾಗೇ ನಿಂತುಹೋಯಿತು. ಇಂಥ ಹಾಲ್‌ಗಳಲ್ಲಿ ಏಸಿಯನ್ನು ವಿಪರೀತ ಇಟ್ಟಿರುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ.

ಮನೆಗೆ ಬಂದು ಇಶಾನನಿಗೆ ಕಾಫಿ ಮಾಡಿದೆ. ಒಂದು ಚಿಟಿಕೆ ಉಪ್ಪು ಕೈಗೆತ್ತಿಕೊಂಡೆ. ಯಾಕೋ ತಿರುಗಿ ಡಬ್ಬಿಗೇ ಹಾಕಿ, ಸಕ್ಕರೆ ಹಾಕಿದೆ. ಅವನು ಅನುಮಾನದಿಂದ ಮೂಸಿ ಮೂಸಿ ಕುಡಿದ. ಆರಿಹೋಗಿತ್ತು ಪಾಪ.

ಜೂನಿಪರ್ ಫೋನ್ ಮಾಡಿದ್ದಳು. ಮೂರು ಚಪ್ಪಾಳೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದಳು. ಬಾಯಿಬಿಟ್ಟೇ ಬೈಯಬೇಕು ಎಂದು ಶಾಸ್ತ್ರವಿದೆ ಎಂದೆ. ಆಸ್ಟಿನ್ನಿನಲ್ಲಿ ಬಿಸಿಲು ಏರುತ್ತಿದೆ ಎಂದಳು. ಆಗಲೇ ನಿಜ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವಳು ಹರಕೆ ಬಿಟ್ಟುಬಿಟ್ಟರೆ ಎಂದು.

ಬಿಟ್ಟುಬಿಟ್ಟರೆ ಏನಂತೆ? ಕುಚೇಷ್ಟೆ ಹಾಳಾಗುತ್ತದೆ, ಅಷ್ಟೇ.

ಮೇ 17, ಶನಿವಾರ, ಆಸ್ಟಿನ್

ಜೂನಿಪರ್ ನೀರಿಗಿಳಿದಳು.

ನನಗೆ ಗೊತ್ತೇ ಆಗುತ್ತಿರಲಿಲ್ಲ, ನಾನು ಮಲಗಿದ್ದೆ. ಅವಳೇ ಬಂದು ಬಾಗಿಲು ತಟ್ಟಿದಳು. ಒದ್ದೆ ಕೂದಲಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ದಡದಲ್ಲಿ ಕೂತಿದ್ದೆ, ಸೆಕೆ, ಕಾಲು ಇಳಿಬಿಟ್ಟೆ, ಆಮೇಲೆ ಪೂರ್ತಿ ಇಳಿದುಬಿಟ್ಟೆ, ಎಂದಳು. ತಪ್ಪಿಸಿಕೊಳ್ಳುವ ಮಾತು ಒಂದೂ ಇಲ್ಲ. ಹಿತ್ತಿಲ ಓಕ್ ಮರದ ಬುಡದಲ್ಲಿ ತುಂಬಾ ಹೊತ್ತು ತಲೆ ತಗ್ಗಿಸಿ ನಿಂತಿದ್ದಳು. ನಾಳೆಯಿಂದ ಮೊದಲಿನಿಂದ ಶುರು ಮಾಡುತ್ತಾಳಂತೆ. ಆದರೆ ಮಾತು ಕೊಟ್ಟದ್ದು ಮರಕ್ಕಲ್ಲ, ನಿನ್ನ ದೊಡ್ಡಮ್ಮನಿಗೆ, ಅವರ ಮುಂದೆ ಹೋಗಿ ಹೇಳಬೇಕು ಎಂದು ಹಟ.

"ಯಾರೂ ನೋಡಿಲ್ಲವಲ್ಲ, ಬಿಡು," ಎಂದೆ.

ಅವಳು ನನ್ನನ್ನು ನೋಡಿದ ರೀತಿ! ನಾನೇ ಒದ್ದೆಯಾಗಿ ನಿಂತ ಹಾಗಾಯಿತು.

ಗುರವ್ವ ಆಂಟಿಗೆ ಮಾತ್ರ ಇದು ಗೊತ್ತಾಗಬಾರದು. "ಹೇಳಿದ್ನಿಲ್ಲ?" ಎಂದುಬಿಡುತ್ತಾರೆ.

ಮೇ 24, ಶನಿವಾರ, ಕೇಟಿ

ನಿಧಾನವಾಗಿ ಬರೆಯುತ್ತೇನೆ. ಒಂದೂ ಬಿಟ್ಟುಹೋಗಬಾರದು.

ಸಂಜೆ ತಲುಪಿದೆವು. ದೊಡ್ಡಮ್ಮ ಹಿತ್ತಿಲಿನಲ್ಲಿ ಕೂತಿದ್ದಳು, ದೊಡ್ಡಪ್ಪ ಪೈಪು ಹಿಡಿದು ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದರು. ಜೂನಿಪರ್ ನೇರ ಹೋಗಿ ದೊಡ್ಡಮ್ಮನ ಮುಂದೆ ಮೊಣಕಾಲೂರಿ ಕೂತಳು. "ನಾನು ಮಾತು ತಪ್ಪಿದೆ. ನಿಮ್ಮ ದನಿ ಬಾರದಿರೋದು ಅದಕ್ಕೇ ಇರಬಹುದು," ಎಂದಳು. ನಾನು ತರ್ಜುಮೆ ಮಾಡಿದೆ. ನನ್ನ ಕನ್ನಡವೇ ನನಗೆ ತೊದಲಿತು. ದೊಡ್ಡಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಪಿಸುಗುಟ್ಟಿದಳು. ಜೂನಿಪರ್ ಅತ್ತುಬಿಟ್ಟಳು.

ಅಷ್ಟರಲ್ಲಿ ಬೇಲಿಯ ಬಾಗಿಲು ಕಿರ್ರೆಂದಿತು. ಗುರವ್ವ ಆಂಟಿ, ರೊಟ್ಟಿ ತಟ್ಟೆ ಸಮೇತ.

"ಆಕಿ ಯಾಕ ಅಳಾಕತ್ತಾಳ?"

ಸುಳ್ಳು ಹೇಳಲು ಇಂಥ ಸುಸಂದರ್ಭ ನನಗೆ ಮತ್ತೆ ಸಿಗಲಾರದು. ಆದರೆ ಬಾಯಿಗೆ ಬಂದದ್ದು ನಿಜ. "ನೀರಿಗಿಳಿಯಲ್ಲ ಅಂದಿದ್ದಳಲ್ಲ ಆಂಟಿ, ಇಳಿದುಬಿಟ್ಟಳು. ಅದಕ್ಕೆ."

ಅವರು ತಟ್ಟೆಯನ್ನು ಹುಲ್ಲಿನ ಮೇಲಿಟ್ಟರು. "ಹೇಳಿದ್ನಿಲ್ಲ" ಎನ್ನಲಿಲ್ಲ. ಸೀರೆ ಎತ್ತಿಕೊಂಡು ಜೂನಿಪರಳ ಪಕ್ಕದಲ್ಲೇ ನೆಲಕ್ಕೆ ಕೂತು, ತಮ್ಮ ಇಂಗ್ಲಿಷಿನಲ್ಲಿ "ಮೀ ಆಲ್ಸೋ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೇಳಾಕಿಗೆ. ನಾನೂ ತಪ್ಪೀನಿ ಅಂತ ಹೇಳು. ಈಸ್ಟರ್ ದಿನ ತಡಕೊಳ್ಳಾಕ ಆಗ್ಲಿಲ್ಲ, ಒಂದ್ ಸಾಲು ಗುನುಗಿಬಿಟ್ನಿ. ಮೊನ್ನೆ ಹಿಟ್ಟು ನಾದೋವಾಗ ಮತ್ತೊಂದ್ ಸಾಲು."

"ಏನು ಗುನುಗಿದ್ರಿ? ಯಾಕೆ ಗುನುಗಬಾರದು?" ಎಂದೆ. ಮಂಡಳಿಯ ಅಧ್ಯಕ್ಷೆಯಷ್ಟು ದಡ್ಡಿ ಟೆಕ್ಸಾಸಿನಲ್ಲೇ ಇಲ್ಲ.

"ಆಪರೇಷನ್ ಆದ ದಿನದಿಂದ ಹಾಡು ಬಿಟ್ಟೇನಲ್ಲವ್ವ."

"ಹರಕೆ ಹೊರಲ್ಲ ಅಂದಿದ್ರಿ!"

"ಹರಕಿ ಅಲ್ಲ ಅದು." ಸ್ವಲ್ಪ ಸಿಟ್ಟೇ ಬಂತು ಅವರಿಗೆ. "ದೇವರ ಜೋಡಿ ಚೌಕಾಸಿ ಮಾಡಂಗಿಲ್ಲ ಅಂದ್ನಿ, ಮಾಡಿಲ್ಲ. ಬೇಲಿ ಈ ಕಡೆ ಅಕ್ಕಾರ ದನಿ ಇಲ್ಲದ ಕುಂತಾರ. ಆ ಕಡೆ ನಾ ಹೆಂಗ್ ಹಾಡ್ಲಿ? ಇದನ್ನ ಊರಿಗೆಲ್ಲ ಸಾರೋದ್ ಬ್ಯಾಡ ಅಂತ ಸುಮ್ನಿದ್ನಿ. ಈ ಹುಡುಗಿ ಅಳೋದ್ ನೋಡಿ ಹೇಳೀನಿ."

ನಾನು ತರ್ಜುಮೆ ಮಾಡಲು ಬಾಯಿ ತೆರೆದೆ. ಆಗ ಒಂದು ಸದ್ದು. ಚಳಿಗಾಲದಲ್ಲಿ ಹಳೆಯ ಮೋಟರ್ ಸೈಕಲನ್ನು ಒದ್ದ ಹಾಗೆ. ನಾವೆಲ್ಲ ರಸ್ತೆಯ ಕಡೆ ನೋಡಿದೆವು. ಸದ್ದು ಬಂದದ್ದು ರಸ್ತೆಯಿಂದಲ್ಲ.

"ಗುರವ್ವಾ!"

ದೊಡ್ಡಮ್ಮ ಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. "ನಾನು ಬಾಯಿ ಮುಚ್ಕೊಂಡು ಕೂತ್ರೆ ನೀವೂ ಮುಚ್ಕೊಳ್ಳೋದೇನ್ರೀ? ಬೇಲಿ ಆಚೆಯಿಂದ ಒಂದು ಚೂರೂ ಕೇಳಿಸ್ದೆ, ದನಿ ಜೊತೆ ಕಿವೀನೂ ಹೋಯ್ತು ಅಂದ್ಕೊಂಡಿದ್ದೆ ನಾನು!" ಕೆಮ್ಮಿದಳು. ನನ್ನ ಕಡೆ ತಿರುಗಿದಳು. "ಇದೆಲ್ಲ ನಿನ್ನದೇ ಕಿತಾಪತಿ! ಯಾವ ಊರಿನ ಶಾಸ್ತ್ರನೇ ಅದು? ಪಾಪದ ಹೆಂಗಸರನ್ನ ಹಿಡ್ಕೊಂಡು... ಕತ್ತೆ! ಕತ್ತೆ! ಕತ್ತೆ!"

ಗಂಡುದನಿ. ಒರಟು, ಬಿರುಕು, ನಡುನಡುವೆ ಗಾಳಿ. ದನಿ ದೊಡ್ಡಮ್ಮನದಲ್ಲ, ಬೈಗಳ ಮಾತ್ರ ಅವಳದೇ. ದೊಡ್ಡಪ್ಪ ಪೈಪನ್ನು ತಮ್ಮ ಬೂಟಿಗೇ ಬಿಟ್ಟುಕೊಂಡು ನಿಂತಿದ್ದರು.

"ಶಾಸ್ತ್ರ ಸುಳ್ಳು," ಎಂದೆ, ಎರಡು ಭಾಷೆಗಳಲ್ಲಿ. "ನಾನೇ ಕಟ್ಟಿದ್ದು. ತಪ್ಪಾಯ್ತು."

ಜೂನಿಪರ್, ಸುಳ್ಳಾದದ್ದು ಶಾಸ್ತ್ರ, ನಾನು ಕೊಟ್ಟ ಮಾತಲ್ಲವಲ್ಲ ಎಂದು ಮೂಗೊರೆಸಿಕೊಂಡಳು. ಗುರವ್ವ ಆಂಟಿ, "ನಂಗೇನ್ ಗೊತ್ತಿರಲಿಲ್ಲೇನ? ಆವತ್ತ ನಿನ್ನ ಮಾರಿ ನೋಡಿದ್ನಿ. ತಮಾಷಿ ಮಾಡೋರ ಮಾರಿ ಹಂಗ ಇರಂಗಿಲ್ಲ," ಎಂದರು. ಇದಕ್ಕೇನು ಅರ್ಥವೋ ಮಂಡಳಿಗೆ ತಿಳಿಯದು.

ಆಮೇಲೆ ದೊಡ್ಡಮ್ಮ ರೊಟ್ಟಿ ಮುರಿದು ಇಬ್ಬರ ಕೈಗೂ ಕೊಟ್ಟಳು. ಗುರವ್ವ ಆಂಟಿ ಹಾಡಿದರು. ಮೊದಲ ಸಾಲು ಮುಗಿಯುವ ಮೊದಲೇ ಮೋಟರ್ ಸೈಕಲ್ ಗುಡುಗಿತು: "ಶ್ರುತಿ!"

ಜೂನ್ 1, ಭಾನುವಾರ, ಕೇಟಿ

ಮಕ್ಕಳ ಪಾಠ ಶುರುವಾಯಿತು. ದೊಡ್ಡಮ್ಮನಿಗೆ ಮೇಲಿನ ಸ್ವರಗಳು ಸಿಗುವುದಿಲ್ಲ. ಅಲ್ಲಿಗೆ ಬಂದಾಗ ಬೇಲಿಯ ಕಡೆ ಕೈ ತೋರಿಸುತ್ತಾಳೆ. ಆಚೆಯಿಂದ ಗುರವ್ವ ಆಂಟಿ, ಪದವಿಲ್ಲದೆ, ಸ್ವರವನ್ನಷ್ಟೇ ಎತ್ತಿಕೊಡುತ್ತಾರೆ. ಫೋನಿನಲ್ಲಿ ಬ್ಯಾಂಕಿನವನೊಬ್ಬ ದೊಡ್ಡಮ್ಮನನ್ನು "ಸರ್" ಎಂದನಂತೆ. ಅವನಿಗೆ ಆದ ಮಂಗಳಾರತಿಯನ್ನು ದೊಡ್ಡಪ್ಪ ಕೂತು ಸಂಗೀತ ಕಛೇರಿಯ ಹಾಗೆ ಕೇಳಿದರಂತೆ. ಜೂನಿಪರ್ ಇಂದು ಬೆಳಿಗ್ಗೆ ನೀರಿನಿಂದ ಫೋಟೋ ಕಳಿಸಿದ್ದಾಳೆ. ಬರೀ ಮೂಗು ಮತ್ತು ಕಣ್ಣು ಕಾಣುತ್ತವೆ, ಮೊಸಳೆಯ ಹಾಗೆ.

ಅಖಿಲ ಟೆಕ್ಸಾಸ್ ನಿಷ್ಠಾ ಪರೀಕ್ಷಾ ಮಂಡಳಿಯ ಅಂತಿಮ ತೀರ್ಪು: ಒಬ್ಬಳು ಮಾತು ಕೊಟ್ಟು, ತಪ್ಪಿ, ತಾನೇ ಬಂದು ಹೇಳಿದಳು. ಒಬ್ಬರು ಮಾತನ್ನೇ ಕೊಡದೆ ನಡೆಸಿದರು. ಅದನ್ನು ಬಚ್ಚಿಟ್ಟಿದ್ದವರು ಇನ್ನೊಬ್ಬಳ ಕಣ್ಣೀರಿಗಾಗಿ ಗುಟ್ಟು ಬಿಟ್ಟುಕೊಟ್ಟರು. ಯಾರು ಮೇಲೆಂದು ಹೇಳುವ ಯೋಗ್ಯತೆ ಅಧ್ಯಕ್ಷೆಗಿಲ್ಲ. ಮಂಡಳಿಯನ್ನು ವಿಸರ್ಜಿಸಲಾಗಿದೆ. ಕುರ್ಚಿಗಳನ್ನು ಎತ್ತಿಟ್ಟೆ.

ದಿನಚರಿದೇವೀ, ಒಂದು ಸಣ್ಣ ವಿಷಯ. ಆಪರೇಷನ್ನಿಗೆ ಮೊದಲು ಆಸ್ಪತ್ರೆಗೆ ಹೋಗಿದ್ದ ದಿನ ಪಾರ್ಕಿಂಗ್ ಚೀಟಿ ನನ್ನ ಜೇಬಿನಲ್ಲೇ ಇತ್ತು. ಕೆಳಗೆ ಹೋಗಿ ಒಂದು ಕಂಬದ ಹಿಂದೆ ನಿಂತು, ದೊಡ್ಡಮ್ಮನ ದನಿ ಉಳಿದರೆ ಇನ್ನು ಜನ್ಮದಲ್ಲಿ ಕುಚೇಷ್ಟೆ ಮಾಡುವುದಿಲ್ಲ ಎಂದು ಹರಕೆ ಹೊತ್ತಿದ್ದೆ. ಮಧ್ಯಾಹ್ನ ಇಶಾನನ ಕಾಫಿಗೆ ಉಪ್ಪು ಹಾಕಿದೆ. ಅವನು ಉಗುಳಿದ ಮೇಲೇ ನೆನಪಾದದ್ದು. ನನ್ನ ಮಾತು ನೆಟ್ಟಗೆ ಊಟದ ಹೊತ್ತಿನ ತನಕವೂ ಬಾಳುವುದಿಲ್ಲವೆಂದು ಗೊತ್ತಾಗಿ, ಮಾತಿಗೆ ನಿಲ್ಲುವವರು ಯಾರಾದರೂ ಇದ್ದಾರೆಯೇ ಎಂದು ಸಂಜೆ ಹಿತ್ತಿಲಿನಲ್ಲಿ ಸುತ್ತ ನೋಡಿದೆ.

ಶಾಸ್ತ್ರ ಸುಳ್ಳು, ನಿಜ. ಆದರೆ ಅದು ತಮಾಷೆಯಾಗಿರಲಿಲ್ಲ.